ಟೈಲರಕ್ಕ ಹೇಳಿದ ಮುಂದಿನ ಸುದ್ದಿ

ನಮ್ಮ ಬೀದಿಯ ಟೈಲರಕ್ಕನ ಹತ್ತಿರ ಬಟ್ಟೆ ಹೊಲಿಸಲು ಹೋದವರು ಬೇಗ ಮನೆಗೆ ಬಂದದ್ದನ್ನು ನಾನು ಕಾಣೆ. ಅಳತೆ ಕೊಡುವುದಕ್ಕೆ ಎಷ್ಟು ಹೊತ್ತು ಬೇಕು? ಟೇಪು ಹಿಡಿದು ಭುಜ, ಎದೆ, ಸೊಂಟ ನೋಡಿದರೆ ಮುಗಿಯಿತು. ಆದರೆ ಆಕೆ ಆಮೇಲೆ ಹಳೆಯ ಪತ್ರಿಕೆಯ ಹಾಳೆಯೊಂದನ್ನು ಮೇಜಿನ ಮೇಲೆ ಹರಡುತ್ತಿದ್ದರು. ಬಟ್ಟೆಗೆ ಕತ್ತರಿ ಹಾಕುವ ಮೊದಲು ತೋಳು, ಕಾಲರ್ ಎಲ್ಲವನ್ನೂ ಕಾಗದದಲ್ಲಿ ಕತ್ತರಿಸಿ ನೋಡುವುದು ಅವರ ಪದ್ಧತಿ. ಪೆನ್ಸಿಲಿನಿಂದ ತೋಳಿನ ಆಕಾರ ಬರೆಯುತ್ತ, ಹಾಳೆಯಲ್ಲಿದ್ದ ತಲೆಬರಹವನ್ನು ಗಟ್ಟಿಯಾಗಿ ಓದಿ, ಕತ್ತರಿಯನ್ನು ಅಲ್ಲೇ ತಡೆದು, "ಆಮೇಲೇನಾಯ್ತು ಗೊತ್ತಾ?" ಅನ್ನುತ್ತಿದ್ದರು. ಇಷ್ಟಾದ ಮೇಲೆ ಯಾರು ತಾನೇ ಎದ್ದು ಹೋಗುತ್ತಾರೆ?

'ಗಗನಕ್ಕೇರಿದ ಈರುಳ್ಳಿ ಬೆಲೆ' ಅಂತ ಒಂದು ಹಾಳೆಯಲ್ಲಿತ್ತು. ಬೆಲೆ ಏರಿ ಏರಿ ಮೋಡದ ಪಕ್ಕ ಹೋಗಿ ಕೂತಿತಂತೆ. ಈರುಳ್ಳಿಯ ಘಾಟಿಗೆ ಮೋಡದ ಕಣ್ಣಲ್ಲಿ ನೀರು ಬಂದು, ತಡೆಯಲಾರದೆ ಗೊಳೋ ಅಂತ ಅತ್ತುಬಿಟ್ಟಿತಂತೆ. ಬೇಕಾದರೆ ನೋಡಿ ಎಂದು ಅದೇ ಹಾಳೆಯ ಮೂಲೆ ತೋರಿಸಿದರು: ಅಲ್ಲಿ 'ಅಕಾಲಿಕ ಮಳೆಗೆ ಜನ ತತ್ತರ' ಎಂದಿತ್ತು. ಇನ್ನೊಂದು ಸಲ 'ಅಧಿಕಾರಿಗಳ ಕಣ್ಣಿಗೆ ಮಣ್ಣೆರಚಿದ ಗುತ್ತಿಗೆದಾರ' ಎಂಬ ಸುದ್ದಿಯ ಮೇಲೆ ನನ್ನ ಮಗಳ ಸಮವಸ್ತ್ರದ ಕಾಲರ್ ಬಂದಿತ್ತು. ಅಧಿಕಾರಿಗಳು ಒಬ್ಬರೇ ಇಬ್ಬರೇ, ಅಷ್ಟು ಕಣ್ಣಿಗೆ ಎರಚಲು ಮಣ್ಣು ಎಲ್ಲಿಂದ ತರುವುದು? ಪಾಪ, ರಸ್ತೆಗೆ ಹಾಕಬೇಕಿದ್ದ ಮಣ್ಣೆಲ್ಲ ಅಲ್ಲೇ ಖರ್ಚಾಯಿತು, ನಮ್ಮ ಬೀದಿಯ ಗುಂಡಿಗಳಿಗೆ ಅದೇ ಕಾರಣ, ಗುತ್ತಿಗೆದಾರನನ್ನು ಬೈಯಬೇಡಿ ಅಂದರು. ನಾನು ಎರಡು ಗುಂಡಿ ದಾಟಿ ಮನೆಗೆ ಬರುವವರೆಗೂ ನಗುತ್ತಿದ್ದೆ.

ಈ ಕಥೆಗಳಿಗೆಲ್ಲ ನಗದವರು ಒಬ್ಬರೇ, ಆಕೆಯ ಯಜಮಾನರು.

ಅವರು ಪತ್ರಿಕಾ ಕಚೇರಿಯೊಂದರಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದವರು. ಅಚ್ಚಿಗೆ ಹೋಗುವ ಮೊದಲು ಪ್ರತಿ ಸಾಲನ್ನೂ ಓದಿ, ಒತ್ತು ಬಿಟ್ಟದ್ದು, ದೀರ್ಘ ಮರೆತದ್ದು, ಪದ ತಿರುವುಮುರುವಾದದ್ದು ಎಲ್ಲಕ್ಕೂ ಗೆರೆ ಎಳೆಯುವುದು. ನಿವೃತ್ತಿಯ ನಂತರ ಕಚೇರಿ ಅವರನ್ನು ಬಿಟ್ಟರೂ ಅವರು ಕೆಲಸ ಬಿಡಲಿಲ್ಲ. ಕ್ಷೌರದಂಗಡಿಯ ಬೋರ್ಡನ್ನು ಮತ್ತೆ ಬರೆಸಿದರು. ಔಷಧದಂಗಡಿಯವನ ರಜೆಯ ಸೂಚನೆಗೆ ಅಲ್ಪವಿರಾಮ ಹಾಕಿ ಬಂದರು. ಹೀಗಾಗಿ ಬೀದಿಯಲ್ಲಿ ಅವರಿಗೆ ತಿದ್ದುಪಡಿ ಸರ್ ಎಂಬ ಹೆಸರು ಬಿತ್ತು. ಹಿಂದಿನ ಕೋಣೆಯಲ್ಲಿ ತಾವು ತಿದ್ದಿದ ಪತ್ರಿಕೆಗಳನ್ನು ತಿಂಗಳುವಾರು ಪೇರಿಸಿಟ್ಟಿದ್ದರು. ಒಂದೇ ಸಂಚಿಕೆಯ ಎರಡು ಪ್ರತಿ ಇದ್ದರೆ ಮಾತ್ರ ಒಂದನ್ನು ಹೆಂಡತಿಯ ಕತ್ತರಿಗೆ ಕೊಡುತ್ತಿದ್ದರು, ಅದೂ ಮಗಳನ್ನು ಗಂಡನ ಮನೆಗೆ ಕಳಿಸುವ ಮುಖ ಮಾಡಿಕೊಂಡು.

ಆಕೆ ಕಥೆ ಶುರು ಮಾಡಿದರೆ ಒಳಗಿನಿಂದ ಅವರ ಸ್ವರ ಬರುತ್ತಿತ್ತು. 'ಅಧಿಕಾರಿ ಎತ್ತಂಗಡಿ' ಎಂಬ ಸುದ್ದಿಗೆ ಆಕೆ, ನಾಲ್ಕು ಜನ ಅಧಿಕಾರಿಯನ್ನು ಕುರ್ಚಿಸಮೇತ ಎತ್ತಿಕೊಂಡು ಹೊರಟರು, ದಾರಿಯಲ್ಲಿ ಕೈ ಸೋತು ಚಹಾದಂಗಡಿಯಲ್ಲಿ ಇಳಿಸಿದರು, ಆತ ಅಲ್ಲೇ ಕಚೇರಿ ತೆರೆದ, ಈಗ ಅಲ್ಲಿ ಚಹಾ ಬೇಕಾದರೂ ಅರ್ಜಿ ಹಾಕಬೇಕು ಎನ್ನುತ್ತಿದ್ದಾಗ, ಯಜಮಾನರು ಬಾಗಿಲಿಗೆ ಬಂದು ನಿಂತು, ಎತ್ತಂಗಡಿ ಅಂದರೆ ವರ್ಗಾವಣೆ, ಅಷ್ಟೇ ಎಂದು ಹೇಳಿ ಹೋದರು. ಆಕೆ ಅವರ ಬೆನ್ನು ನೋಡಿ, ಕಥೆಯಲ್ಲಿದ್ದ ಅಧಿಕಾರಿ ಇವರೇ ಎಂಬಂತೆ ನಮಗೆ ಕಣ್ಣು ಮಿಟುಕಿಸಿದರು. ಮೂವತ್ತು ವರ್ಷದ ಸಂಸಾರ ಹೀಗೇ ನಡೆದಿತ್ತು. ಮಕ್ಕಳಿರಲಿಲ್ಲ. ಜಗಳವೂ ಅದೇ, ಹರಟೆಯೂ ಅದೇ.

ಒಂದು ಬೆಳಿಗ್ಗೆ ಅವರ ಕೈಯಿಂದ ಕಾಫಿಯ ಲೋಟ ಜಾರಿ ಬಿತ್ತು. ಕಾಫಿ ಸರಿಯಿಲ್ಲವೆಂದು ಎಸೆದರೇನೋ ಅಂದುಕೊಂಡು ಟೈಲರಕ್ಕ ಬೈಯಲು ತಿರುಗಿದರು. ನೋಡಿದರೆ ಬಾಯಿ ಒಂದು ಕಡೆಗೆ ಎಳೆದಿತ್ತು, ಬಲಗೈ ತೊಡೆಯ ಮೇಲೆ ಬಿದ್ದುಕೊಂಡಿತ್ತು. ಆಕೆ ಕೂಗಾಡಲಿಲ್ಲ. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿದ್ದಂತೆಯೇ ಬೀದಿಗೆ ಓಡಿ, ಹಾಲಿನ ವ್ಯಾನಿಗೆ ಅಡ್ಡ ನಿಂತರು. ಚಾಲಕ ಹಾರನ್ ಹೊಡೆದ, ಆಕೆ ಸರಿಯಲಿಲ್ಲ. ಹಾಲಿನ ಕ್ರೇಟುಗಳನ್ನು ರಸ್ತೆಯ ಬದಿ ಇಳಿಸಿ, ಅದೇ ವ್ಯಾನಿನಲ್ಲಿ ಗಂಡನನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಹೋದರು.

ಜೀವ ಉಳಿಯಿತು. ಬಲಗೈಯ ಸ್ವಾಧೀನ ಉಳಿಯಲಿಲ್ಲ, ಮಾತೂ ಉಳಿಯಲಿಲ್ಲ. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಮಾತಿನ ಜಾಗಕ್ಕೇ ಪೆಟ್ಟು ಬಿದ್ದಿದೆ ಎಂದು ವೈದ್ಯರು ಹೇಳಿದರು. ನಾವಾಡಿದ್ದೆಲ್ಲ ಅವರಿಗೆ ಅರ್ಥವಾಗುತ್ತಿತ್ತು. ಹೇಳಬೇಕಾದದ್ದೂ ಮನಸ್ಸಿನಲ್ಲಿ ಇರುತ್ತಿತ್ತು. ಬಾಯಿಗೆ ಬರುವಾಗ ಮಾತ್ರ ಎಲ್ಲ ಅಳಿಸಿಹೋಗಿ ಒಂದೇ ಒಂದು ಪದ ಹೊರಬೀಳುತ್ತಿತ್ತು: "ಅದೇ." ನೀರು ಬೇಕಾದರೂ ಅದೇ, ಬೇಡವಾದರೂ ಅದೇ, ನೋವಾದರೂ ಅದೇ. ಬದುಕೆಲ್ಲ ಬೇರೆಯವರ ಪದಗಳನ್ನು ಸರಿಮಾಡಿದ ಮನುಷ್ಯನಿಗೆ, ತಪ್ಪೆಂದು ಗೊತ್ತಿದ್ದೂ ಒಂದೇ ಪದವನ್ನು ಮತ್ತೆ ಮತ್ತೆ ಆಡುವ ಸ್ಥಿತಿ. ಅವರು ಹಾಗೆ ಹೇಳಿದ ಕೂಡಲೇ ಕಣ್ಣು ಮುಚ್ಚಿಕೊಳ್ಳುತ್ತಿದ್ದುದನ್ನು ನಾನೇ ನೋಡಿದ್ದೇನೆ.

ವಾರಕ್ಕೊಮ್ಮೆ ಆಸ್ಪತ್ರೆಯಿಂದ ಒಬ್ಬ ಹುಡುಗಿ ಬರುತ್ತಿದ್ದಳು, ಮಾತು ಕಲಿಸುವುದಕ್ಕೆ. ಬೀದಿಯವರು ಆಕೆಯನ್ನು ಮಾತಿನ ಮೇಡಂ ಎಂದರು. ಆಕೆಯ ಚೀಲದಲ್ಲಿ ಚಿತ್ರದ ಕಾರ್ಡುಗಳಿದ್ದವು: ಆನೆ, ಕೊಡೆ, ಬಾಳೆಹಣ್ಣು. ಒಂದೊಂದನ್ನೇ ತೋರಿಸಿ, ಇದೇನು ಹೇಳಿ ಸರ್ ಎಂದು ಮೆತ್ತಗೆ ಕೇಳುತ್ತಿದ್ದಳು. ಎರಡನೆಯ ವಾರಕ್ಕೆ ಸರ್ ಎಡಗೈಯಲ್ಲಿ ಆನೆಯನ್ನು ಕಿಟಕಿಯಾಚೆ ಎಸೆದು ಗೋಡೆಯ ಕಡೆ ಹೊರಳಿ ಮಲಗಿದರು. ಅವರ ಅಕ್ಕ ಬೇರೆ ಊರಿನಿಂದ ಬಂದು ಹಾಸಿಗೆಯ ಪಕ್ಕ ಕೂತಿದ್ದರು. ತಾಯಿ ಇಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು. ಆದದ್ದು ಆಯಿತು, ಇನ್ನು ಅವನನ್ನು ಕಾಡಬೇಡಿ, ನೆಮ್ಮದಿಯಿಂದ ಇರಲಿ ಬಿಡಿ ಅಂದರು.

ಟೈಲರಕ್ಕ ಅಂಗಳದಿಂದ ಆನೆಯನ್ನು ಎತ್ತಿ ತಂದು, ಒರೆಸಿ, ಮೇಡಂ ಕೈಗೆ ಕೊಟ್ಟು ನನ್ನ ಮುಂದೆಯೇ ಹೇಳಿದರು: "ಮೂವತ್ತು ವರ್ಷ ನನ್ನ ಮಾತು ತಿದ್ದಿದ್ದಾರೆ ಇವರು. ಈಗ ಗೋಡೆ ನೋಡ್ಕೊಂಡು ಮಲಗ್ತೀನಿ ಅಂದ್ರೆ ನಾನು ಬಿಡ್ತೀನಾ?"

ಬಿಡಲಿಲ್ಲ. ಗಂಡನ ಅಕ್ಕ ಊರಿಗೆ ಹೋದ ಮೇಲೆ ಹೊಲಿಗೆ ಯಂತ್ರವನ್ನೂ ಮೇಜನ್ನೂ ಮುಂದಿನ ಕೋಣೆಯಿಂದ ತಳ್ಳಿಕೊಂಡು ಬಂದು ಗಂಡನ ಮಂಚದ ಪಕ್ಕ ಹಾಕಿದರು. ಗಿರಾಕಿಗಳೂ ಅಲ್ಲಿಗೇ ಬರಬೇಕಾಯಿತು. ಮೊದಮೊದಲು ನಾವೆಲ್ಲ ಪಿಸುಮಾತಿನಲ್ಲಿ ಅಳತೆ ಕೊಟ್ಟು ಹೊರಟುಬಿಡುತ್ತಿದ್ದೆವು. ಆಕೆಗೂ ಕಥೆ ಹೇಳುವ ಮನಸ್ಸಿರಲಿಲ್ಲ.

ಒಂದು ಮಧ್ಯಾಹ್ನ ಬೇಕರಿಯವರ ಹೆಂಡತಿ ಮಗಳ ಫ್ರಾಕಿಗೆ ಅಳತೆ ಕೊಡಲು ಬಂದಿದ್ದಳು. ಹರಡಿದ ಹಾಳೆಯಲ್ಲಿ 'ನನೆಗುದಿಗೆ ಬಿದ್ದ ಸೇತುವೆ ಕಾಮಗಾರಿ' ಎಂದಿತ್ತು. ನನೆಗುದಿ ಅಂದರೇನು ಎಂದು ಆಕೆ ಕೇಳಿದಳು. ಟೈಲರಕ್ಕನಿಗೂ ಸರಿಯಾಗಿ ಗೊತ್ತಿರಲಿಲ್ಲ. ಬಾಯಿಯ ಹಳೆಯ ಚಾಳಿ ತಡೆಯದೆ, ಅದೊಂದು ದೊಡ್ಡ ಹಳ್ಳ ಎಂದರು. ಸೇತುವೆ ಬಿದ್ದದ್ದು ಅಲ್ಲಿಗೇ. ಹಿಂದೆ ಆಸ್ಪತ್ರೆ ಬಿದ್ದದ್ದೂ ಅಲ್ಲಿಗೇ. ನೀರಿನ ಟ್ಯಾಂಕು, ಉದ್ಯಾನ, ಗ್ರಂಥಾಲಯ, ಬಸ್ ನಿಲ್ದಾಣ, ಎಲ್ಲ ಒಂದರ ಮೇಲೊಂದು ಹೋಗಿ ಬಿದ್ದಿವೆ. ಈಗ ಕೆಳಗಿಳಿದು ನೋಡಿದರೆ ಅಷ್ಟು ಸೌಕರ್ಯ ಇರುವ ಊರು ಭೂಮಿಯ ಮೇಲೆ ಇನ್ನೊಂದಿಲ್ಲ. ಹೆಸರು ನನೆಗುದಿ, ಅಲ್ಲಿಗೆ ಮನೆ ಬದಲಾಯಿಸೋಣ ಅಂತಿದ್ದೇನೆ ಎಂದರು.

ಮಂಚದ ಮೇಲಿಂದ ಒಂದು ಸದ್ದು ಬಂತು. ತಿರುಗಿ ನೋಡಿದರೆ ಸರ್ ಗೋಡೆ ಬಿಟ್ಟು ಈ ಕಡೆ ಹೊರಳಿದ್ದರು. ಮುಖ ಕೆಂಪಾಗಿತ್ತು. ತುಟಿ ಅಲುಗಿತು, ಗಂಟಲು ಉಬ್ಬಿತು.

"ಅಲ್ಲ."

ಟೈಲರಕ್ಕನ ಕತ್ತರಿ ಮೇಜಿನಿಂದ ಕೆಳಗೆ ಬಿತ್ತು. ಆಕೆ ಅಳಲಿಲ್ಲ, ದೇವರಿಗೆ ಕೈ ಮುಗಿಯಲಿಲ್ಲ. ಕುರ್ಚಿ ಎಳೆದುಕೊಂಡು ಗಂಡನ ಮುಖಕ್ಕೆ ಮುಖ ಕೊಟ್ಟು ಕೂತು, "ಅಲ್ಲ ಅಂದ್ರೆ ಯಾವುದು ಹೌದು, ಹೇಳಿ ಮತ್ತೆ," ಅಂದರು. ಅವರು ಹೇಳಲಾರದೆ ಮತ್ತೆ "ಅದೇ" ಅಂದರು. ಆದರೆ ಈ ಸಲ ಕಣ್ಣು ಮುಚ್ಚಿಕೊಳ್ಳಲಿಲ್ಲ.

ಮುಂದಿನ ವಾರ ಮಾತಿನ ಮೇಡಂ ಬಂದಾಗ ನಡೆದದ್ದನ್ನು ಕೇಳಿ ಚಿತ್ರದ ಕಾರ್ಡುಗಳನ್ನು ಚೀಲದಿಂದ ತೆಗೆಯಲೇ ಇಲ್ಲ. ಸಿಟ್ಟು ಬಂದಾಗ, ದಿನಾ ಬಳಸಿದ ಹಾದಿಯಲ್ಲಿ, ಮಾತು ತಾನಾಗಿ ನುಗ್ಗಿ ಬರುವುದುಂಟು ಎಂದು ಆಕೆ ವಿವರಿಸಿದಳು. ಹೇಗೆ ಮಾಡಬೇಕೆಂದೂ ಹೇಳಿಕೊಟ್ಟಳು: ತಲೆಬರಹವನ್ನು ಓದಿ, ಕೊನೆಯ ಪದ ಬಿಟ್ಟುಬಿಡಿ. ಅವರು ತಡವರಿಸಿದರೆ ಮೊದಲ ಅಕ್ಷರ ಕೊಡಿ. ಅದಕ್ಕೂ ಬಾರದಿದ್ದರೆ ತಪ್ಪು ಪದ ಹಾಕಿ. ದಣಿಸಬೇಡಿ. ಟೈಲರಕ್ಕ ಮೊದಲ ಮೂರನ್ನೂ ಚಾಚೂ ತಪ್ಪದೆ ಪಾಲಿಸಿದರು.

ಬೆಳಿಗ್ಗೆ ಗಿರಾಕಿಗಳು ಬರುವ ಮುಂಚೆ ಪಾಠ. ಈರುಳ್ಳಿ ಬೆಲೆ ಎಲ್ಲಿಗೆ ಏರಿತು ಎಂದು ಕೇಳುವುದು, ಉತ್ತರ ಬಾರದಿದ್ದರೆ ಅಟ್ಟಕ್ಕೆ ಏರಿತು, ಏಣಿ ಇಲ್ಲದೆ ಇಳಿಯಲಾರದೆ ಕೂತಿದೆ ಎನ್ನುವುದು. "ಅಲ್ಲ" ಅನ್ನುವುದು ಅವರು. ಅಟ್ಟದಿಂದ ಚಾವಣಿ, ಚಾವಣಿಯಿಂದ ತೆಂಗಿನಮರ, ಹೀಗೆ ಈರುಳ್ಳಿ ಬೆಲೆಯನ್ನು ಊರೆಲ್ಲ ಹತ್ತಿಸಿ ಇಳಿಸಿದ ಮೇಲೆ ಒಂದು ದಿನ "ಗ... ಗಗನ" ಬಂತು. ಆಮೇಲೆ ತಿಂಗಳುಗಟ್ಟಲೆ ಏನೂ ಬರಲಿಲ್ಲ. ಅವರು ಬೆವತುಹೋಗುತ್ತಿದ್ದರು, ಕೆಲವು ದಿನ ಹಾಳೆಯನ್ನು ಎಡಗೈಯಲ್ಲಿ ಮುದುರಿ ಎಸೆಯುತ್ತಿದ್ದರು. ಆಕೆ ಮುದುರಿದ ಹಾಳೆಗೆ ಇಸ್ತ್ರಿ ಹಾಕಿ ಮತ್ತೆ ಮುಂದೆ ಇಡುತ್ತಿದ್ದರು.

ಮಾತು ಬರತೊಡಗಿದಾಗ ನಾವ್ಯಾರೂ ಎಣಿಸದ ರೀತಿಯಲ್ಲಿ ಬಂತು. ನೀರು, ಅನ್ನ, ಫ್ಯಾನು ಎಂಬ ಸಣ್ಣ ಪದಗಳು ಬಾಯಿಗೆ ಸಿಗಲೇ ಇಲ್ಲ. ಬಂದದ್ದೆಲ್ಲ ಪತ್ರಿಕೆಯ ಪದ. ಬಾಯಾರಿದರೆ "ಜಲಕ್ಷಾಮ". ಫ್ಯಾನು ನಿಂತರೆ "ವಿದ್ಯುತ್ ವ್ಯತ್ಯಯ". ಸ್ನಾನಕ್ಕೆ "ಸ್ವಚ್ಛತಾ ಅಭಿಯಾನ". ನಾನು ಹಣ್ಣು ಹಿಡಿದು ನೋಡಲು ಹೋದರೆ ಕಷ್ಟಪಟ್ಟು "ಗಣ್ಯರ ಭೇಟಿ" ಎಂದು ಸ್ವಾಗತಿಸಿದರು. ಗಂಜಿಗೆ ಉಪ್ಪು ಮರೆತ ದಿನ ಚಮಚ ಕೆಳಗಿಟ್ಟು, ಒಂದೊಂದೇ ಅಕ್ಷರ ಕೂಡಿಸಿ "ಕಳಪೆ ಕಾಮಗಾರಿ" ಅಂದರಂತೆ. ತನಿಖೆಗೆ ಸಮಿತಿ ಹಾಕಿಸಿ, ವರದಿ ಬರುವವರೆಗೆ ಇದನ್ನೇ ಉಣ್ಣಿ ಎಂದು ಟೈಲರಕ್ಕ ಉಪ್ಪಿನ ಡಬ್ಬಿ ಮುಂದೆ ಕುಕ್ಕಿದರಂತೆ. ಹೇಳುವಾಗ ಆಕೆಯ ಮುಖ ನೋಡಬೇಕಿತ್ತು.

ಬೀದಿಗೆ ಬೀದಿಯೇ ಆ ಕೋಣೆಗೆ ಬಂದು ಕೂರಲು ಶುರುವಾಯಿತು. ಹಾಗೆ ಹತ್ತಾರು ಹೆಂಗಸರು ಮಂಚದ ಸುತ್ತ ಕೂತು ನಗುತ್ತಿದ್ದಾಗಲೇ ಗಂಡನ ಅಕ್ಕ ಹೇಳದೆ ಕೇಳದೆ ಬಾಗಿಲಿಗೆ ಬಂದರು. ತಮ್ಮನ ಬಾಯಿಯಿಂದ ಒಂದು ಪದ ಬೀಳುವುದು, ಎಲ್ಲರೂ ಹೊಟ್ಟೆ ಹಿಡಿದುಕೊಳ್ಳುವುದು, ಅವರು ಕಂಡದ್ದು ಇಷ್ಟೇ. ನಾವು ಒಬ್ಬೊಬ್ಬರಾಗಿ ಎದ್ದು ಹೊರಬಂದೆವು. ಒಳಗೆ ಅವರ ದನಿ ಏರಲಿಲ್ಲ, ಅದೇ ಇನ್ನೂ ಕಷ್ಟವಾಗಿತ್ತು. ನನ್ನ ತಮ್ಮನನ್ನು ತಮಾಷೆಯ ಗೊಂಬೆ ಮಾಡಿ ಕೂರಿಸಿದ್ದೀಯ, ಭಾನುವಾರ ಮಗನನ್ನು ಕರೆದುಕೊಂಡು ಕಾರಿನಲ್ಲಿ ಬರುತ್ತೇನೆ, ಅವನು ನನ್ನ ಮನೆಯಲ್ಲಿ ಮರ್ಯಾದೆಯಿಂದ ಇರಲಿ ಎಂದು ಹೇಳಿ ಹೋದರಂತೆ.

ಟೈಲರಕ್ಕ ಅಲ್ಲಾಡಿದ್ದನ್ನು ನಾನು ನೋಡಿದ್ದು ಆ ವಾರ ಮಾತ್ರ. ಯಂತ್ರದ ಮುಂದೆ ಕೂತು ಒಂದೇ ಹೊಲಿಗೆಯನ್ನು ಹಾಕಿ ಬಿಚ್ಚಿ ಮಾಡುತ್ತಿದ್ದರು. ಅತ್ತಿಗೆ ಹೇಳಿದ್ದರಲ್ಲಿ ನಿಜ ಇಲ್ಲವೇ ಎಂದು ನನ್ನನ್ನು ಕೇಳಿದರು. ಮಾತು ಬರಲಿ ಅಂತ ಸಿಟ್ಟು ಬರಿಸಿದೆ, ಸಿಟ್ಟು ಬರಿಸುತ್ತ ಬರಿಸುತ್ತ ಅವರಿಗೆ ಅವಮಾನ ಆಗುತ್ತಿದೆಯೋ ಏನೋ ನೋಡಲಿಲ್ಲ, ಹೇಳಿಕೊಳ್ಳಲು ಅವರಿಗೆ ಬಾಯಾದರೂ ಎಲ್ಲಿದೆ ಅಂದರು. ಶನಿವಾರದ ಹೊತ್ತಿಗೆ ಆಕೆ ಹೊಲಿಗೆ ಬಿಚ್ಚುವುದನ್ನು ನಿಲ್ಲಿಸಿದ್ದರು. ನಾನೂ ತೀರ್ಮಾನ ಮಾಡುವುದಿಲ್ಲ, ಅತ್ತಿಗೆಯೂ ಮಾಡಬಾರದು, ಕೇಳಬೇಕಾದವರನ್ನೇ ಕೇಳೋಣ ಎಂದರು. ನನಗೂ ಬರಲು ಹೇಳಿದರು.

ಭಾನುವಾರ ಅಕ್ಕ ಬಂದರು. ಅವರ ಮಗ ಕಾರನ್ನು ಬಾಗಿಲಿಗೆ ತಂದು ನಿಲ್ಲಿಸಿದ. ತಮ್ಮನ ಅಂಗಿ, ಔಷಧ, ಕನ್ನಡಕ ಎಲ್ಲ ಚೀಲ ಸೇರಿತು. ಟೈಲರಕ್ಕ ತಡೆಯಲಿಲ್ಲ. ಕನ್ನಡಕದ ಡಬ್ಬಿಯನ್ನು ತಾವೇ ಹುಡುಕಿ ಕೊಟ್ಟು, "ಅತ್ತಿಗೆ, ಹೊರಡೋ ಮುಂಚೆ ಅವರನ್ನ ಒಂದು ಮಾತು ಕೇಳಿ," ಅಂದರು.

ಅಕ್ಕ ತಮ್ಮನ ಕೆನ್ನೆ ಸವರಿದರು. "ನನ್ನ ಜೊತೆ ಬರ್ತೀಯೇನಪ್ಪ? ಅಲ್ಲಿ ಯಾರೂ ನಿನ್ನ ನೋಡಿ ನಗಲ್ಲ."

ಅವರು ಅಕ್ಕನನ್ನು ನೋಡಿದರು, ಬಾಯಿ ತೆರೆದರು. "ಅದೇ," ಅಂದರು.

ಎಷ್ಟೋ ತಿಂಗಳಿಂದ ಕೇಳದ ಪದ. ಅಕ್ಕ ಅದನ್ನು ಒಪ್ಪಿಗೆ ಎಂದುಕೊಂಡು ಚೀಲ ಎತ್ತಿಕೊಂಡರು. ಟೈಲರಕ್ಕ ಅವರ ಕೈ ಹಿಡಿದು ನಿಲ್ಲಿಸಿದರು. "ಅದು ಹೌದೂ ಅಲ್ಲ, ಇಲ್ಲವೂ ಅಲ್ಲ ಅತ್ತಿಗೆ. ಪದ ಸಿಗ್ತಾ ಇಲ್ಲ ಅವರಿಗೆ. ಸ್ವಲ್ಪ ಇರಿ."

ನಾವು ಕಾದೆವು. ಮೊದಲ ಅಕ್ಷರ ಕೊಡಲು ಟೈಲರಕ್ಕನಿಗೆ ನಾಲಿಗೆ ತುದಿಗೆ ಬಂದಿತ್ತೇನೋ, ಸೆರಗಿನಂತೆ ಕೊರಳ ಟೇಪನ್ನು ಹಿಡಿದು ಬಾಯಿಗೆ ಅದುಮಿಕೊಂಡು ನಿಂತಿದ್ದರು. ಯಾವ ಅಕ್ಷರ ಕೊಡುವುದು? ಯಾವುದನ್ನು ಕೊಟ್ಟರೂ ಅದು ಆಕೆಯ ಉತ್ತರವಾಗುತ್ತಿತ್ತು. ಅಕ್ಕ ಏನೋ ಹೇಳಹೊರಟರು, ಮಗನೇ ಬೇಡವೆಂದು ಸನ್ನೆ ಮಾಡಿದ. ಸರ್ ಮಂಚದ ಪಟ್ಟಿಯನ್ನು ಎಡಗೈಯಲ್ಲಿ ಹಿಡಿದು ನೆಟ್ಟಗೆ ಕೂತರು. ಹಣೆಯ ಮೇಲೆ ನರ ಎದ್ದಿತ್ತು.

"ಯ," ಅಂದರು. ನಿಂತರು. "ಯಥಾ..."

ಮತ್ತೆ ಉಸಿರು ತೆಗೆದುಕೊಂಡರು.

"ಯಥಾಸ್ಥಿತಿ."

ಮೊದಲು ಹೊಳೆದದ್ದು ಅಕ್ಕನ ಮಗನಿಗೆ. ಫಕ್ಕನೆ ನಕ್ಕುಬಿಟ್ಟ. "ಯಥಾಸ್ಥಿತಿ ಕಾಪಾಡಬೇಕಂತೆ ಅಮ್ಮ. ಕೋರ್ಟು ಆದೇಶ ಬಂತು," ಅಂದ. ಸರ್ ಹೌದೆಂದು ತಲೆ ಆಡಿಸಿದರು, ಎಡಗೈಯಿಂದ ಚೀಲವನ್ನು ತೋರಿಸಿ, "ತೆರವು," ಅಂದರು. ಅಕ್ಕ ಚೀಲದ ಮೇಲೆಯೇ ಕೂತು ಅತ್ತರು, ಅಳುತ್ತ ಅಳುತ್ತ ಅವರಿಗೂ ನಗು ಬಂತು. ನಕ್ಕೆನಲ್ಲ ಎಂದು ಗಾಬರಿಯಾಗಿ ತಮ್ಮನ ಮುಖ ನೋಡಿದರು. ಅವರು ಬಾಯಿಯ ಸರಿಯಿದ್ದ ಅರ್ಧದಲ್ಲಿ ತಾವೂ ನಗುತ್ತಿದ್ದರು.

ಆ ಮನುಷ್ಯ ನಕ್ಕದ್ದನ್ನು ನಮ್ಮ ಬೀದಿ ಅದಕ್ಕೂ ಮೊದಲು ನೋಡಿರಲಿಲ್ಲ.

ಮಾತು ಪೂರ್ತಿ ಮರಳಲಿಲ್ಲ. ಬಲಗೈ ಹಾಗೆಯೇ ಉಳಿಯಿತು. ಆದರೆ ಪತ್ರಿಕೆಯ ಪದಗಳ ಹಿಂದೆಯೇ ಮನೆಯ ಪದಗಳೂ ಒಂದೊಂದಾಗಿ ಬಂದವು, ನೀರು ಬರೀ ನೀರಾಯಿತು. ಮಳೆಗಾಲ ಕಳೆದ ಮೇಲೆ ಒಂದು ದಿನ ನನ್ನ ಅಂಗಿಯ ತೋಳಿಗೆ ಹಾಳೆ ಹರಡಿದಾಗ ಅದರಲ್ಲಿ ಬಸ್ ನಿಲ್ದಾಣದ ಕಾಮಗಾರಿ ನನೆಗುದಿಗೆ ಬಿದ್ದ ಸುದ್ದಿಯಿತ್ತು. ಟೈಲರಕ್ಕ ಬಾಯಿ ತೆರೆಯುವ ಮುಂಚೆ ಮಂಚದಿಂದ ಮಾತು ಕೇಳಿಸಿತು. ತುಂಡು ತುಂಡಾಗಿ, ನಡುನಡುವೆ ನಿಂತು ಅವರು ಹೇಳಿದ್ದಿಷ್ಟು: "ನನೆಗುದಿ. ಒಳ್ಳೆ ಊರು. ಬಸ್ಸು... ಸಮಯಕ್ಕೆ ಬರುತ್ತೆ. ಆದರೆ ಜನ ಇಲ್ಲ. ಜನ ಎಲ್ಲ... ಮೇಲೆ. ಕಾಯ್ತಾ ಇದ್ದಾರೆ."

ಟೈಲರಕ್ಕ ಪೆನ್ಸಿಲ್ ಹಿಡಿದವರು ಹಿಡಿದಂತೆಯೇ ಇದ್ದರು. ಅಚ್ಚಾದದ್ದರ ಆಚೆಗೆ ಒಂದು ಅಕ್ಷರವನ್ನೂ ಸೇರಿಸಿ ಗೊತ್ತಿಲ್ಲದ ಗಂಡ, ತಾನಾಗಿ ಒಂದು ಸುಳ್ಳು ಹೇಳಿದ್ದ. ನನ್ನ ಅಂಗಿಯ ಒಂದು ತೋಳು ಆವತ್ತು ಗಿಡ್ಡವಾಯಿತು. ಅದನ್ನು ನಾನು ಸರಿಮಾಡಿಸಲು ಹೋಗಲಿಲ್ಲ.

ಈಗ ವಾರಕ್ಕೊಂದು ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಮಾತಿನ ಮೇಡಂ ಜೊತೆ ಆಸ್ಪತ್ರೆಯ ವಾರ್ಡಿಗೆ ಹೋಗುತ್ತಾರೆ, ಮಾತು ಕಳೆದುಕೊಂಡವರ ಹತ್ತಿರ ಕೂರಲು. ಮೊನ್ನೆ ನಾನೂ ಏನೋ ಕೆಲಸವಿದ್ದು ಅವರೊಂದಿಗೆ ಹೋಗಿದ್ದೆ. ಅಲ್ಲೊಬ್ಬ ತರಕಾರಿ ಮಾರುವ ಹೆಂಗಸು ಮಲಗಿದ್ದಳು. ಎಷ್ಟು ತಲೆಬರಹ ಓದಿದರೂ, ಅದರ ಮುಂದೆ ಎಂಥ ಕಥೆ ಕಟ್ಟಿದರೂ ಆಕೆಯ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಆಕೆಗೆ ಓದು ಬಾರದು, ಪತ್ರಿಕೆ ಕಂಡದ್ದೇ ಸೊಪ್ಪು ಸುತ್ತಿಕೊಡುವಾಗ ಎಂದು ನರ್ಸ್ ಹೇಳಿದಳು. ಮೇಡಂ ಸೋತ ಮುಖ ಮಾಡಿದಳು. ಟೈಲರಕ್ಕ ಪತ್ರಿಕೆಯನ್ನು ಮಡಿಸಿ ಚೀಲಕ್ಕೆ ಹಾಕಿ, ಮುಂದಿನ ವಾರ ಬರುತ್ತೇವೆ ಎಂದು ಆ ಹೆಂಗಸಿಗೆ ಹೇಳಿ ಎದ್ದರು.

ಬಸ್ ನಿಲ್ದಾಣದಲ್ಲಿ ಇಬ್ಬರಿಗೂ ವಾದ. ಬಾಡಿದ ಬದನೆಕಾಯಿ ತಂದು ಆಕೆಯ ಮುಂದಿಟ್ಟು, ಎಂಥ ಎಳೆಯ ಕಾಯಿ ಎಂದು ಹೊಗಳಬೇಕು, ಆಗ ನೋಡಿ ಬಾಯಿ ಹೇಗೆ ಬರುತ್ತದೆ ಎಂದು ಟೈಲರಕ್ಕ.

ಸರ್ ತಲೆಯಾಡಿಸಿದರು. "ಅಲ್ಲ. ತಕ್ಕಡಿ. ತಪ್ಪು... ತೂಕ ಮಾಡು."

"ಎರಡನ್ನೂ ಮಾಡಿದರಾಯ್ತು," ಎಂದು ಆಕೆ, ಗಂಡನ ಎಡಗೈ ಹಿಡಿದು ಬಸ್ಸು ಹತ್ತಿಸಿದರು.